ಮೇಯುವ ಟೇಬಲ್ಲೋ, ಮಿರ್ಚಿ ಬಂಡಿಯೋ, ಬುತ್ತಿಯೋ?

ನಾದಿನಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಇನ್ನೂ ಇಪ್ಪತ್ತು ದಿನ ಇತ್ತು. ಒಂದು ರಾತ್ರಿ ಅವಳು ಫೋನಿಗೆ ಫೋಟೋ ಕಳಿಸಿದಳು. ಉದ್ದನೆಯ ಮರದ ಟೇಬಲ್. ಅದರ ತುಂಬ ಹಣ್ಣು, ಚೀಸು, ಬಿಸ್ಕತ್ತು, ಚಾಕೊಲೇಟು, ನಡುನಡುವೆ ಹೂವು, ಎಲೆ. ಒಂದಿಂಚು ಜಾಗ ಖಾಲಿ ಇಲ್ಲ. ಕೆಳಗೆ ‘ಅತ್ತಿಗೆ, ನನಗೂ ಇಂಥದ್ದೊಂದು ಗ್ರೇಜಿಂಗ್ ಟೇಬಲ್ ಬೇಕು’ ಅಂತ ಬರೆದಿದ್ದಳು.

ಅತ್ತೆಗೆ ತೋರಿಸಿದೆ. ಗ್ರೇಜಿಂಗ್ ಅಂದರೇನು ಅಂತ ಕೇಳಿದರು. ಮೇಯುವುದು ಅಂದೆ. ‘ಹಂಗಾರ ಬೀಗರನ್ನ ಮನಿಗೆ ಕರದು ಮೇಯಾಕ ಬಿಡ್ತೀಯೇನವ್ವ?’ ಅಂದರು.

ನಕ್ಕು ಸಾಕಾಯಿತು. ಆದರೆ ಆ ಮಾತಿನೊಳಗೆ ಒಂದು ಅಸಲಿ ಪ್ರಶ್ನೆ ಇತ್ತು. ಈ ಟೇಬಲ್ ಊಟದ ಬದಲಿಗೋ, ಊಟದ ತನಕ ಹೊಟ್ಟೆ ತಡೆಯುವುದಕ್ಕೋ? ಇದನ್ನು ತೀರ್ಮಾನಿಸದೆ ಹೂವು, ಟ್ರೇ ನೋಡುತ್ತ ಕೂತರೆ ದುಡ್ಡು ಹಾಳು. ನಮ್ಮ ಕಡೆ ಮುಹೂರ್ತ ಹನ್ನೊಂದೂವರೆಗೆ ಅಂದರೆ ಉಡಿ ತುಂಬಿ, ಆರತಿ ಮಾಡಿ, ಫೋಟೋ ಮುಗಿಸುವಷ್ಟರಲ್ಲಿ ಒಂದೂವರೆ. ಸಿಂಧನೂರಿನಿಂದ, ಗಂಗಾವತಿಯಿಂದ ಬೆಳಗ್ಗೆ ಏಳಕ್ಕೇ ಹೊರಟವರು ಹತ್ತಕ್ಕೆ ಬಂದು ಕೂತಿರುತ್ತಾರೆ. ಬಂದವರಿಗೆ ಉಪ್ಪಿಟ್ಟು, ಚಹಾ ಕೊಟ್ಟಿರುತ್ತೀರಿ, ಸರಿ. ಆಮೇಲೆ? ಮಕ್ಕಳು ಹಸಿವೆ ಅಂತ ಶುರು ಮಾಡುತ್ತವೆ. ಗಂಡಸರು ಒಬ್ಬೊಬ್ಬರೇ ಚಹಾದಂಗಡಿ ಹುಡುಕಿಕೊಂಡು ಹೊರಡುತ್ತಾರೆ. ಟೇಬಲ್ ಬೇಕಾಗಿರುವುದು ಆ ಹೊತ್ತಿಗೆ. ಊಟದ ಬದಲಿಗೆ ಇಟ್ಟಿರೋ, ‘ಅವರ ಮನ್ಯಾಗ ಊಟಾನ ಹಾಕಲಿಲ್ಲ’ ಅನ್ನುವ ಮಾತು ಹತ್ತು ವರ್ಷ ಓಡಾಡುತ್ತದೆ. ಎಪ್ಪತ್ತು ದಾಟಿದವರಿಗೆ ತಟ್ಟೆ ಹಿಡಿದು ನಿಂತು ತಿನ್ನುವುದೂ ಆಗದು.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಊಟಕ್ಕೆ ಮುಂಚಿನ ಟೇಬಲ್ಲಿನ ಲೆಕ್ಕ. ಪಂಕ್ತಿ ಊಟ ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ಫೋಟೋದಲ್ಲಿರುವುದೇ ಬೇಕು ಅಂದರೆ

ಇದನ್ನು ಒಮ್ಮೆ ಮಾಡಿಸಿ ಪಾಠ ಕಲಿತಿದ್ದೇನೆ. ಅಣ್ಣನ ಮಗನ ಹುಟ್ಟುಹಬ್ಬ, ಏಪ್ರಿಲ್ ತಿಂಗಳು, ಬಳ್ಳಾರಿಯ ನಮ್ಮ ಮನೆಯ ಮಹಡಿ ಮೇಲೆ ಶಾಮಿಯಾನ. ನಮ್ಮೂರಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ಆಡಿಕೊಳ್ಳುತ್ತೇವೆ. ಆದರೂ ಅವತ್ತು ಅದು ನೆನಪಾಗಲಿಲ್ಲ ನೋಡಿ. ಅಲಂಕಾರದವರು ನಾಲ್ಕು ಗಂಟೆಗೇ ಎಲ್ಲ ಜೋಡಿಸಿ, ತಮ್ಮ ಫೋಟೋ ತೆಗೆದುಕೊಂಡು ಹೋದರು. ಜನ ಬಂದದ್ದು ಆರೂವರೆಗೆ. ಅಷ್ಟರಲ್ಲಿ ಚೀಸು ಬೆವೆತು ಎಣ್ಣೆ ಬಿಟ್ಟಿತ್ತು. ಕೆನೆ ಹಾಕಿದ ಡಿಪ್ ಹುಳಿ ವಾಸನೆ ಹೊಡೆಯುತ್ತಿತ್ತು. ಕಲ್ಲಂಗಡಿ ಹೋಳಿನ ನೀರು ಹರಿದು ಬಿಸ್ಕತ್ತೆಲ್ಲ ತೊಯ್ದಿತ್ತು. ಅರ್ಧಕ್ಕರ್ಧ ನಾವೇ ಎತ್ತಿ ಚೆಲ್ಲಿದೆವು.

ಇದರ ಹಿಂದೆ ಒಂದು ಸರಳ ಲೆಕ್ಕ ಇದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅದಕ್ಕೇ ಹಾಲು, ಮೊಸರು, ಕೆನೆ, ಹೆಚ್ಚಿದ ಹಣ್ಣು, ಬೇಯಿಸಿದ ಅನ್ನ ಇಂಥವನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು ಅನ್ನುತ್ತಾರೆ. ಸುತ್ತಲಿನ ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆ ಮಾತ್ರ. ಬಳ್ಳಾರಿ, ರಾಯಚೂರಲ್ಲಿ ಬೇಸಿಗೆ ಮಧ್ಯಾಹ್ನ 40 ದಾಟುವುದು ಯಾರಿಗೂ ಹೊಸದಲ್ಲ. ಅಂದರೆ ವರ್ಷದ ಬಹುಪಾಲು ದಿನ ನಿಮ್ಮ ಕೈಯಲ್ಲಿರುವುದು ಒಂದೇ ಗಂಟೆ. ನಮ್ಮ ಬೀಗರು ಹೇಳಿದ ಹೊತ್ತಿಗೆ ಒಂದು ಗಂಟೆ ಆಚೀಚೆ ಬರುವವರೇ ಅಲ್ವಾ?

ಇದು ಒಪ್ಪುವ ಸಂದರ್ಭವೂ ಇದೆ. ಡಿಸೆಂಬರ್ ಇಲ್ಲವೇ ಜನವರಿ ಸಂಜೆ, ಎಸಿ ಇರುವ ಹಾಲ್, ಇಪ್ಪತ್ತೈದು ಜನರ ಒಳಗೆ, ಎಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. ಆಗ ಮಾಡಿಸಿ, ಚೆನ್ನಾಗಿರುತ್ತದೆ. ಒಂದೇ ಮಾತು. ಜೋಡಿಸುವವರು ಜನ ಬರುವ ಅರ್ಧ ಗಂಟೆ ಮುಂಚೆ ಬರಲಿ, ಮುಗಿಯುವ ತನಕ ಒಬ್ಬರು ನಿಂತಿರಲಿ. ‘ಬೆಳಗ್ಗೆಯೇ ಇಟ್ಟು ಹೋಗ್ತೀವಿ ಮೇಡಂ’ ಅಂದರೆ ಬೇಡ ಅನ್ನಿ.

ಒಣ ತಿನಿಸಿನ ಟೇಬಲ್

ನನ್ನ ಮತ ಇದಕ್ಕೇ, ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿನ ಊರಿನವರು ತಲೆತಲಾಂತರದಿಂದ ಕೆಡದ ತಿನಿಸನ್ನೇ ಮಾಡುತ್ತ ಬಂದಿದ್ದಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರು, ಬಂಡಿಗಳಲ್ಲಿ ಬರುವುದನ್ನು ನೀವೂ ನೋಡಿರುತ್ತೀರಿ. ಲಕ್ಷಗಟ್ಟಲೆ ರೊಟ್ಟಿ. ಎಷ್ಟೋ ದಿನ ಮುಂಚೆ ತಟ್ಟಿ ಒಣಗಿಸಿಟ್ಟದ್ದು. ನೀರಿನಂಶ ಇಲ್ಲದ ಮೇಲೆ ಕೆಡುವುದು ಹೇಗೆ? ಅದೇ ಖಡಕ್ ರೊಟ್ಟಿಯನ್ನು ಅಂಗೈ ಅಗಲ ಮುರಿದು ಬಿದಿರಿನ ಬುಟ್ಟಿಯಲ್ಲಿ ನಿಲ್ಲಿಸಿ ಇಡಿ. ಫೋಟೋದ ಕ್ರ್ಯಾಕರ್ ಬಿಸ್ಕತ್ತಿಗೆ ಏನೂ ಕಮ್ಮಿ ಇಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದ್ದರೆ ಬಣ್ಣವೂ ಬೇರೆ ಬರುತ್ತದೆ.

ಅದರ ಪಕ್ಕ ಚಟ್ನಿಪುಡಿ. ಶೇಂಗಾ, ಗುರೆಳ್ಳು, ಅಗಸಿ, ಮೂರು ಸಾಕು. ಕೆಂಪು, ಕಪ್ಪು, ಕಂದು. ಪಕ್ಕದಲ್ಲಿ ಸಣ್ಣ ಗಿಂಡಿಯಲ್ಲಿ ಶೇಂಗಾ ಎಣ್ಣೆ ಇಲ್ಲವೇ ಕುಸುಬಿ ಎಣ್ಣೆ. ಪುಡಿಗೆ ಮೊಸರೇ ಬೇಕು ಅನ್ನುವವರು ಬಹಳ. ಅದಕ್ಕೆ ಒಂದು ಉಪಾಯ: ಅಗಲದ ಪರಾತದಲ್ಲಿ ಐಸು ತುಂಬಿ, ಅದರೊಳಗೆ ಸ್ಟೀಲು ಬೋಗುಣಿ ಇಟ್ಟು, ಗಟ್ಟಿ ಮೊಸರು ಸ್ವಲ್ಪ ಸ್ವಲ್ಪವೇ ಹಾಕುತ್ತಿರಿ. ಬೆಣ್ಣೆಯೂ ಹಾಗೇ. ಹಾಗೆಯೇ ಹೊರಗಿಟ್ಟರೆ ಹತ್ತು ನಿಮಿಷಕ್ಕೆ ತುಪ್ಪವಾಗುತ್ತದೆ.

ಸಿಹಿಯಲ್ಲಿ ಹೋಳಿಗೆ ಬೇಕೇ ಬೇಕು ಅನ್ನುತ್ತೀರಿ. ಇಲ್ಲಿ ಎರಡು ಹೋಳಿಗೆಯ ವ್ಯತ್ಯಾಸ ನೋಡಿ. ಕಡಲೆಬೇಳೆ ಹೂರಣದ್ದು ಮೆತ್ತಗೆ, ಬೇಯಿಸಿದ ಬೇಳೆಯ ನೀರು ಒಳಗೇ ಇರುತ್ತದೆ. ಬೇಸಿಗೆಯಲ್ಲಿ ಅದು ಒಂದು ದಿನದ ಮಾತು. ಅದು ಪಂಕ್ತಿಯಲ್ಲಿ, ಬಿಸಿಯಾಗಿ, ತುಪ್ಪದ ಜೊತೆಗೇ ಚೆಂದ. ಶೇಂಗಾ ಹೋಳಿಗೆಯ ಹೂರಣ ಹುರಿದ ಶೇಂಗಾ, ಬೆಲ್ಲ, ಏಲಕ್ಕಿ. ನೀರಿಲ್ಲ. ನಾಲ್ಕು ದಿನ ಮುಂಚೆ ಮಾಡಿಟ್ಟರೂ ಹಾಗೇ ಇರುತ್ತದೆ, ಗರಿಗರಿಯಾಗಿ ಮುರಿಯುತ್ತದೆ, ಕೈಗೂ ಅಂಟುವುದಿಲ್ಲ. ಟೇಬಲ್ಲಿಗೆ ಶೇಂಗಾ ಹೋಳಿಗೆಯೇ ಸರಿ, ಅದೂ ಪೂರಿ ಗಾತ್ರದ್ದು. ದೊಡ್ಡದು ಮಾಡಿದರೆ ಅರ್ಧ ತಿಂದು ತಟ್ಟೆಯಲ್ಲೇ ಬಿಡುತ್ತಾರೆ. ಜೊತೆಗೆ ಕರ್ಚಿಕಾಯಿ, ನಿಂಬೆ ಗಾತ್ರದ ರವೆ ಉಂಡಿ, ಬೇಸನ್ ಉಂಡಿ. ಯಾರಾದರೂ ಅಮೀನಗಡ ಕಡೆಯಿಂದ ಬರುವವರಿದ್ದರೆ ಕರದಂಟು ತರಿಸಿ, ಸಣ್ಣಗೆ ತುಂಡು ಮಾಡಿ ಇಡಿ.

ಇದಕ್ಕೆ ಬೈಯುವವರು ಒಂದು ಮಾತು ಹೇಳುತ್ತಾರೆ: ಎಲ್ಲ ಕಂದು ಬಣ್ಣ, ಎಲ್ಲ ಒಣ, ಬಾಯಾರಿಕೆ ಆಗುತ್ತದೆ. ನಿಜ. ಹಣ್ಣು ಬೇಕಾಗುವುದು ಅದಕ್ಕೇ. ಆದರೆ ಹೆಚ್ಚಿದ ಹಣ್ಣಿಗಿಂತ ಸಿಪ್ಪೆ ಇರುವ ಹಣ್ಣೇ ವಾಸಿ. ಏಲಕ್ಕಿ ಬಾಳೆ ಚಿಪ್ಪು ಚಿಪ್ಪಾಗಿ ಇಟ್ಟರೆ ಅವರೇ ಸುಲಿದುಕೊಳ್ಳುತ್ತಾರೆ. ಕುಷ್ಟಗಿ ಕಡೆಯ ದಾಳಿಂಬೆ ಸಿಕ್ಕರೆ ಬಿಡಿಸಿ, ಐಸಿನ ಮೇಲೆ ಇಡಿ. ಬಿಡಿಸುವ ಕೆಲಸ ಮನೆಯ ಹುಡುಗರಿಗೆ ಹಚ್ಚಿ, ಕೂತು ಸುಮ್ನೆ ಫೋನ್ ನೋಡುವ ಬದಲು. ಮೇ ತಿಂಗಳಲ್ಲಾದರೆ ಕೊಪ್ಪಳದ ಕೇಸರ್ ಮಾವಿದೆ. ನಮ್ಮ ಬಳ್ಳಾರಿಗೆ ಅಂಜೂರದ ಹೆಸರೂ ಇದೆ. ಹಣ್ಣಾದ ಅಂಜೂರ ಮಾತ್ರ ಬಹಳ ಸೂಕ್ಷ್ಮ, ಕೊನೆಯ ಗಳಿಗೆಯಲ್ಲಿ ಇಡಬೇಕು. ಸೌತೆಕಾಯಿ ಹೆಚ್ಚಿದರೆ ಉಪ್ಪು ಹಾಕಬೇಡಿ, ನೀರು ಬಿಡುತ್ತದೆ. ಗುರೆಳ್ಳು ಪುಡಿಯ ಹತ್ತಿರವೇ ಇಡಿ, ತಟ್ಟೆಗೆ ಹಾಕಿಕೊಂಡ ಮೇಲೆ ಅವರೇ ಅದ್ದಿಕೊಳ್ಳಲಿ. ಇನ್ನು ಮಜ್ಜಿಗೆ, ಕೊಡದ ತುಂಬ.

ಮಿರ್ಚಿ ಬಂಡಿ

ರುಚಿಯಲ್ಲಿ ಇದನ್ನು ಸೋಲಿಸುವವರಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಅಂದರೆ ನಮ್ಮವರು ಊಟ ಬಿಟ್ಟು ಬರುತ್ತಾರೆ. ಗೊತ್ತಿರುವ ಬಂಡಿಯವರನ್ನೇ ಮನೆಗೆ ಕರೆಸಬಹುದು, ಎರಡು ಗಂಟೆಗೆ ಇಷ್ಟು ಅಂತ ಮಾತಾಡಿಕೊಂಡು. ಆ ಕ್ಷಣಕ್ಕೆ ಕರಿದು ಕೊಡುವುದರಿಂದ ಕೆಡುವ ಭಯವೂ ಕಮ್ಮಿ.

ಮಂಡಕ್ಕಿಯಲ್ಲೂ ಎರಡು ಬಗೆ. ಗಿರ್ಮಿಟ್ಟು ಮಾಡಿದರೆ ಕಲಸಿದ ಐದೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಮೊದಲೇ ಕಲಸಿ ಬೋಗುಣಿಯಲ್ಲಿ ಇಡುವುದಂತೂ ಸುಳ್ಳು, ಒಬ್ಬರು ನಿಂತು ಕಲಸಿ ಕಲಸಿ ಕೊಡಬೇಕು. ಒಗ್ಗರಣೆ ಹಾಗಲ್ಲ. ಮಂಡಕ್ಕಿಯನ್ನು ನೆನೆಸಿ ಹಿಂಡಿ, ಪುಟಾಣಿ ಪುಡಿ ಹಾಕಿ ಮಾಡುವುದರಿಂದ ಅದು ಮೊದಲೇ ಮೆತ್ತಗಿರುತ್ತದೆ. ಮುಚ್ಚಿಟ್ಟರೆ ಮುಕ್ಕಾಲು ಗಂಟೆ ಬಿಸಿಯಾಗಿ, ರುಚಿಯಾಗಿ ಇರುತ್ತದೆ. ಕೈ ಕಮ್ಮಿ ಇರುವ ಮನೆಗೆ ಒಗ್ಗರಣೆಯೇ ಒಳ್ಳೆಯದು. ಗಿರ್ಮಿಟ್ಟಾದರೆ 1 ಕೆಜಿ ಮಂಡಕ್ಕಿಗೆ ಸುಮಾರು 25ರಿಂದ 30 ತಟ್ಟೆ ಬರುತ್ತದೆ, ಲೆಕ್ಕ ಇಟ್ಟುಕೊಳ್ಳಿ. ಮಿರ್ಚಿ ತಲೆಗೆ ಎರಡು. ಮೂರನೆಯದು ಕೇಳುವವರು ಇದ್ದೇ ಇರುತ್ತಾರೆ, ಬೇಡ ಅನ್ನುವ ಮಕ್ಕಳ ಪಾಲು ಅವರಿಗೆ ಹೋಗುತ್ತದೆ. ಮಕ್ಕಳಿಗೆ ಆಲೂಗಡ್ಡೆ ಬಜ್ಜಿ.

ತೊಂದರೆ ಎಲ್ಲಿ ಅಂದರೆ, ಎಣ್ಣೆ ತಿಂದ ಹೊಟ್ಟೆಗೆ ಊಟ ಇಳಿಯುವುದಿಲ್ಲ. ನಾಲ್ಕು ಮಿರ್ಚಿ ತಿಂದವರು ಎಲೆ ಮುಂದೆ ಕೂತು ‘ಸ್ವಲ್ಪ ಹಾಕ್ರಿ, ಸ್ವಲ್ಪ’ ಅನ್ನುತ್ತಾರೆ. ಬಡಿಸಿದ್ದು ಉಳಿಯುತ್ತದೆ. ಹಾಗಾಗಿ ಮಧ್ಯಾಹ್ನದ ಕಾರ್ಯಕ್ಕಿಂತ ಸಂಜೆಯ ಕಾರ್ಯಕ್ಕೆ, ಹುಟ್ಟುಹಬ್ಬಕ್ಕೆ, ಹೊಸಮನೆಗೆ ಬಂದವರ ಚಹಾ ಹೊತ್ತಿಗೆ ಬಂಡಿ ಹೊಂದುತ್ತದೆ. ಇನ್ನೊಂದು, ಒಲೆಯನ್ನು ಶಾಮಿಯಾನದ ಬಟ್ಟೆಯಿಂದ ದೂರ, ಮಕ್ಕಳು ಓಡಾಡದ ಮೂಲೆಯಲ್ಲಿ ಹೂಡಿಸಿ. ಕುಬಸದ ಮನೆಯಲ್ಲಿ ಕರಿದ ಹೊಗೆ ಒಳಗೆ ಬಂದರೆ ಬಸುರಿಗೆ ವಾಕರಿಕೆ ಬರುತ್ತದೆ, ಅದೂ ನೆನಪಿರಲಿ.

ಬುತ್ತಿ

ಇದನ್ನು ಅತ್ತೆಯೇ ಎತ್ತಿದ್ದು. ‘ನಿಮ್ಮ ಟೇಬಲ್ ಏನು ಹೊಸದವ್ವ, ನಮ್ಮ ಕುಬಸಕ್ಕ ಬುತ್ತಿ ಬರತಿದ್ವಲ್ಲ’ ಅಂದರು. ಹೌದಲ್ಲ! ತವರಿನವರು, ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲ ಒಂದೊಂದು ಬುತ್ತಿ ಕಟ್ಟಿಕೊಂಡು ಬಂದು ಬಸುರಿಯ ಮುಂದೆ ಬಿಚ್ಚುತ್ತಿದ್ದರು. ಮೊಸರನ್ನ, ಚಿತ್ರಾನ್ನ, ಹುಳಿಯನ್ನ, ಎಣಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಸಜ್ಜೆ ರೊಟ್ಟಿ, ಹೋಳಿಗೆ. ಅವಳಿಗೆ ಯಾವುದರ ಬಯಕೆಯೋ ಅದಕ್ಕೆ ಕೈ ಹಾಕುತ್ತಿದ್ದಳು, ಉಳಿದದ್ದು ಎಲ್ಲರಿಗೂ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಸಾಲಾಗಿ ಗಂಟು ಬಿಚ್ಚುವುದೂ ಇದೇ ತಾನೆ? ಫೋಟೋದ ಟೇಬಲ್ ನೋಡಿ ಬೆರಗಾದ ನಮಗೆ ಇದು ಹೊಳೆದೇ ಇರಲಿಲ್ಲ.

ಖರ್ಚಿನಲ್ಲಿ ಬುತ್ತಿಯೇ ಅಗ್ಗ, ಅಕ್ಕರೆಯಲ್ಲಿ ಎಲ್ಲಕ್ಕಿಂತ ಮೇಲೆ. ಕಷ್ಟ ಇರುವುದು ಹೊಂದಿಸುವುದರಲ್ಲಿ. ಯಾರು ಏನು ತರುತ್ತಾರೆ ಅಂತ ಮೊದಲೇ ಕೇಳದಿದ್ದರೆ ಐದು ಡಬ್ಬಿ ಚಿತ್ರಾನ್ನ ಬಂದು ಕೂರುತ್ತದೆ. ನಮ್ಮ ಮನೆಯಲ್ಲಿ ಬಂದಿದೆ. ಹೇಳಿದರೆ ‘ನಮಗೇ ಹೇಳಿಕೊಡ್ತಾಳ’ ಅಂತ ಮುನಿಸು. ಹಿರಿಯರಿಂದ ಹೇಳಿಸಿದರೆ ಯಾರಿಗೂ ಬೇಜಾರಿಲ್ಲ.

ಅನ್ನದ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಬೇಯಿಸಿದ ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ಬಿಸಿಗೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಳಗಿನ ನಾಲ್ಕಕ್ಕೆ ಕಲಸಿ, ಬಿಸಿಬಿಸಿಯಾಗೇ ಡಬ್ಬಿಗೆ ತುಂಬಿ, ಬಸ್ಸಿನಲ್ಲಿ ಮೂರು ಗಂಟೆ ತಂದ ಚಿತ್ರಾನ್ನ ಮಧ್ಯಾಹ್ನ ಒಂದಕ್ಕೆ ಬಸುರಿಯ ತಟ್ಟೆಗೆ ಬರಬಾರದು. ದೂರದಿಂದ ಬರುವವರಿಗೆ ರೊಟ್ಟಿ, ಪುಡಿ, ಹೋಳಿಗೆ, ಉಂಡಿ ಹೇಳಿ. ಅನ್ನದ ಬುತ್ತಿ ಊರೊಳಗಿನವರ ಪಾಲಿಗೆ.

ಮನೆಯಲ್ಲಿ ಮಾಡುವುದೋ, ಕೊಳ್ಳುವುದೋ

ಖಡಕ್ ರೊಟ್ಟಿ ಕೊಳ್ಳಿ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಓಣಿಗೊಬ್ಬರಾದರೂ ಇದ್ದಾರೆ, ನಾಲ್ಕು ದಿನ ಮುಂಚೆ ಹೇಳಿದರೆ ಸಾಕು. ಪುಡಿ ಮನೆಯಲ್ಲೇ ಕುಟ್ಟಿ, ಏಕೆಂದರೆ ಕೊಂಡದ್ದರಲ್ಲಿ ಉಪ್ಪು ಜಾಸ್ತಿ. ಚಕ್ಕುಲಿ, ಕೋಡಬಳೆ ನಿಮ್ಮ ಇಷ್ಟ. ಹೋಳಿಗೆಗೆ ಕೈ ಪಳಗಿದವರು ಮನೆಯಲ್ಲಿಲ್ಲದಿದ್ದರೆ ಸಾಹಸ ಬೇಡ.

ಅರವತ್ತು ಜನರಿಗೆ, ಊಟಕ್ಕೆ ಮುಂಚೆ, ನಾವು ಇಟ್ಟ ಲೆಕ್ಕ ಇದು: ಖಡಕ್ ರೊಟ್ಟಿ 35, ಮೂರು ಪುಡಿ ತಲಾ ಕಾಲು ಕೆಜಿ, ಸಣ್ಣ ಶೇಂಗಾ ಹೋಳಿಗೆ 70, ಚಕ್ಕುಲಿ ಕೋಡಬಳೆ ಸೇರಿ ಒಂದೂವರೆ ಕೆಜಿ, ಉಂಡಿ 60, ಏಲಕ್ಕಿ ಬಾಳೆ 6 ಡಜನ್, ಸೌತೆಕಾಯಿ 4 ಕೆಜಿ. ಸೌತೆಕಾಯಿ ಸಾಲಲಿಲ್ಲ. ಉಂಡಿ ಉಳಿಯಿತು, ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ.

ಟೇಬಲ್ ಜೋಡಿಸುವಾಗ

ಶಾಮಿಯಾನದ ಅಂಗಡಿಯ 6 ಅಡಿ ಟೇಬಲ್ ಎರಡು ಸಾಕು. ಗೋಡೆಗೆ ಹಚ್ಚಬೇಡಿ, ಎರಡೂ ಕಡೆಯಿಂದ ಜನ ಬರಲಿ. ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ಏರುವುದಿಲ್ಲ. ಬಾಳೆಎಲೆ ಹಾಸಿದರೆ ಹಸಿರು ತಾನಾಗೇ ಬರುತ್ತದೆ, ಆದರೆ ಬಿಸಿಲಿಗೆ ಬೇಗ ಬಾಡುತ್ತದೆ. ಮುತ್ತುಗದ ಪತ್ರಾವಳಿ ಒಣಗಿದ್ದೇ ಆದ್ದರಿಂದ ಬಾಡುವ ಮಾತೇ ಇಲ್ಲ. ಒಣ ತಿನಿಸಿಗೆ ನಾನು ಪತ್ರಾವಳಿಯನ್ನೇ ಆರಿಸುತ್ತೇನೆ.

ಅಟ್ಟದ ಮೇಲಿನ ಹಿತ್ತಾಳೆ, ತಾಮ್ರದ ಪಾತ್ರೆ ಇಳಿಸಿ ಚೆಂದ ಕಾಣಿಸುವ ಆಸೆ ಎಲ್ಲರಿಗೂ. ಉಂಡಿ, ಚಕ್ಕುಲಿ ಇಡಿ, ತೊಂದರೆ ಇಲ್ಲ. ಮೊಸರು, ನಿಂಬೆ, ಹುಣಸೆಯ ಅಡುಗೆ ಮಾತ್ರ ಕಲಾಯಿ ಇಲ್ಲದ ಪಾತ್ರೆಗೆ ಹಾಕಬೇಡಿ, ಲೋಹ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಹೂವಿನಲ್ಲಿ ಕಣಗಿಲೆ ಬೇಡವೇ ಬೇಡ. ಅಂಗಳದಲ್ಲೇ ಸಿಗುತ್ತದೆ ಅಂತ ಕಿತ್ತು ತಂದು ತಿನಿಸಿನ ನಡುವೆ ಇಡುವವರನ್ನು ಕಂಡಿದ್ದೇನೆ. ಅದರ ಎಲೆ, ಹೂ, ಕಾಂಡ ಎಲ್ಲ ವಿಷ. ಅಲಂಕಾರಕ್ಕೆ ನಾವು ಕಿನ್ನಾಳದ ಮರದ ಗೊಂಬೆ ಇಟ್ಟಿದ್ದೆವು. ಮಕ್ಕಳು ತಿನಿಸಿಗಿಂತ ಮೊದಲು ಅವನ್ನೇ ಎತ್ತಿಕೊಂಡರು.

ನಮ್ಮ ಟೇಬಲ್ಲಿನಲ್ಲಿ ಶೇಂಗಾ ಎಲ್ಲದರಲ್ಲೂ ಇರುತ್ತದೆ. ಅದು ಒಗ್ಗದವರು ಯಾರಾದರೂ ಬರುತ್ತಾರಾ ಅಂತ ಮೊದಲೇ ಕೇಳಿ, ಅವರ ತಟ್ಟೆ ಬೇರೆ ತೆಗೆದಿಡಿ. ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ ಸಿಗದಿರಲಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು.

ಇನ್ನು ಫ್ಯಾನು. ಇದನ್ನು ಯಾರೂ ಹೇಳುವುದಿಲ್ಲ. ಸೆಕೆ ಅಂತ ಭಾವ ಸ್ಟ್ಯಾಂಡ್ ಫ್ಯಾನು ತಂದು ಟೇಬಲ್ ಕಡೆ ತಿರುಗಿಸಿದರು. ಗುರೆಳ್ಳು ಪುಡಿ ಹಾರಿ ಬೀಗರ ಬಿಳಿ ಅಂಗಿ ಮೇಲೆ ಕೂತಿತು. ಪುಡಿಗೆ ಮುಚ್ಚಳ ಇರುವ ಡಬ್ಬಿಯೇ ಆಗಬೇಕು, ಫ್ಯಾನು ಜನರ ಕಡೆ ಇರಬೇಕು.

ಕೊನೆಗೆ ನಾವು ಮಾಡಿದ್ದು

ಶಿವರಾತ್ರಿ ಕಳೆದ ಎರಡನೆಯ ವಾರ, ಬಳ್ಳಾರಿ, ಅರವತ್ತು ಜನ, ಮಧ್ಯಾಹ್ನದ ಕಾರ್ಯ. ಚೀಸು ಬೇಡ ಅಂತ ಮೊದಲ ದಿನವೇ ಕೈಬಿಟ್ಟೆವು. ಮಿರ್ಚಿ ಬಂಡಿಯನ್ನು ಸಂಜೆಗೆ ಹಾಕೋಣ ಅಂತ ಮಾವ ಹಟ ಹಿಡಿದರು. ಸಂಜೆಗೆ ಉಳಿಯುವವರು ಇಪ್ಪತ್ತೇ ಜನ, ಆದರೂ ಅವರ ಮಾತು ನಡೆಯಿತು. ಟೇಬಲ್ ಮೇಲೆ ಒಣ ತಿನಿಸು, ಹಣ್ಣು, ಐಸಿನ ಮೇಲೆ ಮೊಸರು. ಬುತ್ತಿಗಳನ್ನು ಟೇಬಲ್ಲಿಗೆ ತರಲಿಲ್ಲ, ನಾದಿನಿಯ ಮಣೆ ಮುಂದೆ ಬಿಚ್ಚಿದೆವು. ಟೇಬಲ್ ಎಲ್ಲರದು, ಬುತ್ತಿ ಅವಳದು ಅನ್ನುವುದು ಅತ್ತೆಯ ವಾದ. ಅವಳು ಎಲ್ಲ ಬಿಟ್ಟು ಪುಂಡಿಪಲ್ಯಕ್ಕೆ ಕೈ ಹಾಕಿದಳು.

ಉಳಿದ ರೊಟ್ಟಿ, ಪುಡಿ, ಉಂಡಿಯನ್ನು ಪೊಟ್ಟಣ ಕಟ್ಟಿ ಸಿಂಧನೂರು ಬಸ್ಸು ಹತ್ತುವವರ ಕೈಗೆ ಕೊಟ್ಟೆವು. ಹೆಚ್ಚಿದ ಸೌತೆಕಾಯಿಯೊಂದು ಉಳಿಯಲೇ ಇಲ್ಲ. ಬೋಗುಣಿಯಲ್ಲಿ ಉಳಿದ ಮೊಸರನ್ನು ಫ್ರಿಜ್ಜಿಗೆ ವಾಪಸ್ ಹಾಕದೆ ಚೆಲ್ಲಿದೆ, ಅತ್ತೆ ಕಣ್ಣು ಕೆಂಪು ಮಾಡಿದರೂ.

ಫೋಟೋ? ಅದೂ ಸಿಕ್ಕಿತು. ನಾದಿನಿಗೆ ಮೊದಲೇ ಹೇಳಿದ್ದೆ, ಹತ್ತೂಕಾಲಿಗೆ ಜಾಳಿಗೆ ಮುಚ್ಚಳ ತೆಗೆಯುತ್ತೇನೆ, ಕ್ಯಾಮೆರಾದವನನ್ನು ಆಗಲೇ ನಿಲ್ಲಿಸು ಅಂತ. ಅವನು ಐದು ನಿಮಿಷ ತಡವಾಗಿ ಬಂದ. ಅಷ್ಟರಲ್ಲಿ ಚಕ್ಕುಲಿಯ ಗೋಪುರ ಅರ್ಧ ಇಳಿದಿತ್ತು. ಫೋಟೋದ ಮೂಲೆಯಲ್ಲಿ ಅತ್ತೆಯೂ ಇದ್ದಾರೆ, ಕೈಯಲ್ಲಿ ರೊಟ್ಟಿ ತುಂಡು, ಬಾಯಿ ತುಂಬಿದೆ.